ಮುಬೀನಾ ಹೆಸರಿಟ್ಟ ಗುಂಡಿಗಳು

ಶಹಾಪುರದ ಜಮಾಲಸಾಬರು ಹೊಲಿಗೆ ಯಂತ್ರಗಳನ್ನು ರಿಪೇರಿ ಮಾಡುವವರು. ಅಂಗಡಿಗೆ ಬಂದ ಯಂತ್ರದ ಹೊಟ್ಟೆ ಬಿಚ್ಚುವ ಮೊದಲು ಅವರು ಒಳಮನೆಯ ಕಡೆ ತಿರುಗಿ ಮಗಳನ್ನು ಕೂಗುತ್ತಿದ್ದರು. ಮಗಳು ಮುಬೀನಾ ಗೋಡೆ ಸವರುತ್ತ ಬಂದು, ಚಕ್ರವನ್ನು ನಾಲ್ಕು ಸುತ್ತು ತಿರುಗಿಸಿ, ಕಿವಿಯನ್ನು ಯಂತ್ರದ ಪಕ್ಕಕ್ಕೆ ಒಯ್ದು, ಇದರ ಒಳಗಿನ ಹಲ್ಲು ಸವೆದಿದೆ, ಅದರ ಸೂಜಿ ಹಿಡಿಕೆ ಸಡಿಲಾಗಿದೆ ಎಂದು ಮನೆಯ ದಖನಿ ಉರ್ದುವಿನಲ್ಲಿ ತೀರ್ಪು ಕೊಡುತ್ತಿದ್ದಳು. ಹತ್ತಕ್ಕೆ ಒಂಬತ್ತು ಸಲ ತೀರ್ಪು ಸರಿ ಇರುತ್ತಿತ್ತು. ಗಿರಾಕಿಗಳು ಜಮಾಲಸಾಬರ ಕೈಗುಣ ಹೊಗಳಿ ಹೋಗುತ್ತಿದ್ದರು. ಹೊಗಳಿಕೆಯನ್ನು ಅಪ್ಪ ಇಟ್ಟುಕೊಳ್ಳುತ್ತಿದ್ದರು, ಮಗಳಿಗೆ ಬಾಳೆಹಣ್ಣು ಸಿಗುತ್ತಿತ್ತು.

ಮುಬೀನಾಗೆ ಹುಟ್ಟುವಾಗಲೇ ದೃಷ್ಟಿ ಇರಲಿಲ್ಲ. ತಾಯಿ ಖುರ್ಷೀದಬೇಗಂ ಒಂದು ವರ್ಷ ಅತ್ತರು. ಎರಡನೆಯ ವರ್ಷ ಮಗು ನಡೆಯಲು ಕಲಿತು, ಸಿಕ್ಕ ಸಿಕ್ಕ ಡಬ್ಬಿಯ ಮುಚ್ಚಳ ತೆಗೆದು ನೆಲಕ್ಕೆ ಸುರಿಯತೊಡಗಿದ ಮೇಲೆ ಅವರಿಗೆ ಅಳಲು ಪುರುಸೊತ್ತು ಸಿಗಲಿಲ್ಲ. ಕಲಬುರಗಿಯ ಅಂಧರ ಶಾಲೆಯಲ್ಲಿ ಹತ್ತು ವರ್ಷ ಓದಿ, ಅಲ್ಲೇ ಕಂಪ್ಯೂಟರ್ ಕಲಿತು, ಇಪ್ಪತ್ತೆರಡರ ವಯಸ್ಸಿಗೆ ಮುಬೀನಾ ಊರಿಗೆ ಮರಳಿದಳು. ಬಂದವಳಿಗೆ ಕೆಲಸ ಸಿಕ್ಕಿದ್ದು ಒಂದು ಜಗಳದಿಂದ.

ಅಪ್ಪನಿಗೆ ಬರಬೇಕಿದ್ದ ಬಿಡಿಭಾಗಗಳ ಪೆಟ್ಟಿಗೆ ಮೂರನೆಯ ಸಲ ಬೇರೆ ಊರಿಗೆ ಹೋಗಿತ್ತು. ಅದನ್ನು ವಿಚಾರಿಸಲು ಬಸ್ ನಿಲ್ದಾಣದ ಹಿಂದಿನ ಪಾರ್ಸೆಲ್ ಕಚೇರಿಗೆ ಅವಳೇ ಹೋದಳು. ಖಾಸಗಿ ಕಂಪನಿಯ ಆ ಶಾಖೆಗೆ ಮಲ್ಲಣ್ಣ ಮ್ಯಾನೇಜರ್. ನಡುವಯಸ್ಸು, ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ಸಮಾಧಾನ. ಅವನು ಎರಡು ಬೆರಳಲ್ಲಿ ವಿಳಾಸ ಟೈಪು ಮಾಡುತ್ತಿದ್ದ. ಮುಬೀನಾ ಕೌಂಟರಿಗೆ ಒರಗಿ ಕೇಳಿಸಿಕೊಂಡಳು.

"ಸಾಹೇಬ್ರ, ಐದ ಸಲ ಹೊಡದ್ರಿ. ಪಿನ್ ಕೋಡಿಗೆ ಆರ ಅಂಕಿ ಬೇಕಲ್ರಿ?"

ಮಲ್ಲಣ್ಣ ತೆರೆ ನೋಡಿದ. ಐದೇ ಇದ್ದವು. ಅವಳನ್ನು ನೋಡಿದ, ಮತ್ತೆ ತೆರೆ ನೋಡಿದ.

"ನಿನಗ ಕಾಣಂಗಿಲ್ಲಲ್ಲ ತಾಯಿ?"

"ಕಾಣಂಗಿಲ್ರಿ. ಕೇಳ್ತದ."

"ಟೈಪಿಂಗ್ ಬರ್ತದೇನು?"

"ನಿಮಗಿಂತ ಛಲೋ ಬರ್ತದ್ರಿ."

ಮುಂದಿನ ಸೋಮವಾರದಿಂದ ಅವಳು ಅಲ್ಲಿಯ ಬುಕಿಂಗ್ ಕ್ಲರ್ಕ್ ಆದಳು.

ಆಗ ಕಚೇರಿಯಲ್ಲಿದ್ದದ್ದು ಹಳೆಯ ಸಾಫ್ಟ್‌ವೇರ್. ಕಪ್ಪು ತೆರೆ, ಬಿಳಿ ಅಕ್ಷರ, ಒಂದರ ಕೆಳಗೆ ಒಂದು ಸಾಲು. ಕಣ್ಣಿದ್ದವರಿಗೆ ಅದನ್ನು ನೋಡಿದರೆ ಆಕಳಿಕೆ ಬರುತ್ತಿತ್ತು. ಮುಬೀನಾಗೆ ಮಾತ್ರ ಅದು ಅರಮನೆ. ತೆರೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ ಪುಕ್ಕಟೆ ತಂತ್ರಾಂಶವೊಂದನ್ನು ಅವಳು ಶಾಲೆಯಿಂದಲೇ ತಂದಿದ್ದಳು. ಅದರ ದನಿಯನ್ನು ಎಷ್ಟು ವೇಗಕ್ಕೆ ಏರಿಸಿಕೊಂಡಿದ್ದಳೆಂದರೆ ಬೇರೆಯವರಿಗೆ ಅದು ಕಾದ ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಕೇಳುತ್ತಿತ್ತು. ತೂಕದ ಕಲ್ಲಿನ ಹತ್ತಿರ ಕೂರುತ್ತಿದ್ದ ಮಲಕಮ್ಮ ಮೊದಲ ದಿನ ಎದ್ದು ನಿಂತು ಕೇಳಿದ್ದಳು: "ಏನವಾ ಇದು, ಪೆಟ್ಟಗಿ ಒಳಗ ಜೇನು ಹೊಕ್ಕಾವೇನು?"

ಮಲಕಮ್ಮ ಪಾರ್ಸೆಲ್ ತೂಗುವವಳು, ಹೊಲಿಯುವವಳು, ಲಾರಿಗೆ ಏರಿಸುವವರಿಗೆ ಬೈಯುವವಳು, ಸ್ವತಃ ಏರಿಸುವವಳು. ಅಂಕಿ ಬಿಟ್ಟರೆ ಓದು ಬರದು. ನಾಲ್ಕೇ ದಿನದಲ್ಲಿ ಇಬ್ಬರಿಗೂ ಜೋಡಿ ಕೂಡಿತು. ಮಲಕಮ್ಮ ತೂಕ ಕೂಗುವುದು, ಮುಬೀನಾ ಬಡಿಯುವುದು, ರಸೀದಿ ಹೊರಬರುವುದು. ಮಲ್ಲಣ್ಣ ಚಹಾ ಕುಡಿದು ಮುಗಿಸುವಷ್ಟರಲ್ಲಿ ಒಂದು ಸಾಲು ಗಿರಾಕಿಗಳು ಕರಗಿಹೋಗುತ್ತಿದ್ದರು. ಹೀಗೆ ಏಳು ವರ್ಷ ನಡೆಯಿತು.

ಎಂಟನೆಯ ವರ್ಷ ಕಂಪನಿಯವರು ಹೊಸ ಸಾಫ್ಟ್‌ವೇರ್ ಹಾಕಿಸಿದರು. ಹದಿನೆಂಟು ಶಾಖೆಗೂ ಒಂದೇ ದಿನ. ಕಚೇರಿಯಲ್ಲಿ ಹಬ್ಬದ ಕಳೆ.

"ಏನ್ ಬಣ್ಣ! ಏನ್ ಚಿತ್ರ!" ಎಂದ ಮಲ್ಲಣ್ಣ. "ಓದೋ ಕೆಲಸಾನ ಇಲ್ಲ. ಊರ ಬೇಕಂದ್ರ ನಕ್ಷೆದಾಗ ಚುಕ್ಕಿ ಒತ್ತಿದ್ರ ಮುಗೀತು."

ಮುಬೀನಾ ತನ್ನ ಕುರ್ಚಿಯಲ್ಲಿ ಕೂತು ಟ್ಯಾಬ್ ಕೀಲಿ ಒತ್ತಿದಳು. ಓದುವ ದನಿ ಹೇಳಿತು: "ಗುಂಡಿ." ಮತ್ತೆ ಒತ್ತಿದಳು. "ಗುಂಡಿ." ಮತ್ತೆ. "ಗುಂಡಿ. ಗುಂಡಿ. ಚಿತ್ರ. ಗುಂಡಿ."

ಚಿತ್ರ ಬರೆದವರು ಚಿತ್ರಕ್ಕೊಂದು ಹೆಸರು ಕೊಟ್ಟಿರಲಿಲ್ಲ. ಹೆಸರೇ ಇಲ್ಲದ್ದನ್ನು ಓದುವ ದನಿಯಾದರೂ ಏನೆಂದು ಓದಬೇಕು?

ಮಲಕಮ್ಮ ಹತ್ತಿರ ಬಂದು ಕಿವಿಗೊಟ್ಟಳು. "ಎಷ್ಟ ಗುಂಡಿ ಅದಾವವಾ ಇದರಾಗ? ನಮ್ಮ ಓಣಿ ರಸ್ತೆದಾಗೂ ಇಷ್ಟ ಇಲ್ಲ."

"ಆ ರಸ್ತೆದಾಗಾದ್ರ ಕೋಲು ಹಾಕಿ ನೋಡಬಹುದಿತ್ತು ಮಲಕಮ್ಮಕ್ಕ," ಎಂದಳು ಮುಬೀನಾ. ನಗುತ್ತಲೇ ಹೇಳಿ ಮತ್ತೆ ಟ್ಯಾಬ್ ಒತ್ತಿದಳು.

ಅವಳು ಸುಮ್ಮನೆ ಕೂರುವ ಜಾತಿಯವಳಲ್ಲ. ಒಂದೊಂದೇ ಗುಂಡಿ ಒತ್ತಿ, ಏನಾಗುತ್ತದೆ ಎಂದು ಮಲಕಮ್ಮನನ್ನು ಕೇಳಿ, ಎಣಿಕೆ ಬಾಯಿಪಾಠ ಮಾಡಿದಳು. ಆರನೆಯ ಗುಂಡಿ ಹೊಸ ಬುಕಿಂಗ್. ಹನ್ನೊಂದನೆಯದು ಲಾರಿಗೆ ಏರಿಸು. ನಕ್ಷೆಯಲ್ಲಿ ಮೊದಲ ಚುಕ್ಕೆ ಯಾದಗಿರಿ, ಎರಡನೆಯದು ಶಹಾಪುರ, ಮೂರನೆಯದು ವಡಗೇರಾ, ನಾಲ್ಕನೆಯದು ಸುರಪುರ. ಎರಡು ವಾರ ಎಣಿಸಿಕೊಂಡೇ ಕೆಲಸ ನಡೆಸಿದಳು. ವೇಗ ಮೊದಲಿನ ಅರ್ಧಕ್ಕಿಳಿದಿತ್ತು, ಆದರೂ ಒಂದು ತಪ್ಪೂ ಆಗಿರಲಿಲ್ಲ.

ಮೂರನೆಯ ವಾರ ಕಂಪನಿ ಹತ್ತಿಕುಣಿಯಲ್ಲಿ ಹೊಸ ಶಾಖೆ ತೆರೆಯಿತು. ನಕ್ಷೆಯಲ್ಲಿ ಯಾದಗಿರಿಯ ಮಗ್ಗುಲಿಗೆ ಸದ್ದಿಲ್ಲದೆ ಒಂದು ಚುಕ್ಕೆ ಬಂದು ಕೂತಿತು. ಕಣ್ಣಿದ್ದವರಿಗೆ ಅದು ಹೊಸ ಚುಕ್ಕೆ. ಎಣಿಸುವವಳಿಗೆ ಮಾತ್ರ ಜಿಲ್ಲೆಯ ಊರುಗಳೆಲ್ಲ ಒಂದೊಂದು ಹೆಜ್ಜೆ ಹಿಂದಕ್ಕೆ ಸರಿದುಹೋದವು. ನಾಲ್ಕನೆಯದು ಈಗ ಸುರಪುರವಲ್ಲ, ವಡಗೇರಾ.

ಅವತ್ತು ಸುರಪುರಕ್ಕೆಂದು ಬಂದ ಇಪ್ಪತ್ತಾರು ಪಾರ್ಸೆಲ್‌ಗಳು ವಡಗೇರಾಕ್ಕೆ ಹೋದವು. ಅದರಲ್ಲಿ ಯಾರದೋ ಅಜ್ಜನ ಹಲ್ಲಿನ ಸೆಟ್ಟಿತ್ತು. ಸುರಪುರದ ಮದುವೆಯೊಂದಕ್ಕೆ ಹೊರಟಿದ್ದ ಬ್ಯಾಂಡಿನ ದೊಡ್ಡ ಡ್ರಮ್ಮೂ ಇತ್ತು. ಮರುದಿನ ಬೆಳಿಗ್ಗೆ ಸುರಪುರದಲ್ಲಿ ಮದುಮಗನ ಮೆರವಣಿಗೆ ಬರೀ ತುತ್ತೂರಿಯಲ್ಲಿ ನಡೆಯಿತು. ವಡಗೇರಾದ ಏಜೆಂಟ ಫೋನು ಮಾಡಿ, "ಮಲ್ಲಣ್ಣಾರ, ಇದು ಡ್ರಮ್ಮೋ ನೀರಿನ ಟಾಕಿಯೋ ಅಂತ ನಮ್ಮ ಮಂದಿ ಬಡದ್ ಬಡದ್ ನೋಡಾಕತ್ತಾರ, ಜಲ್ದಿ ಒಯ್ರಿ" ಎಂದ. ಹಿಂದಿನಿಂದ ಢಂ ಢಂ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು.

ಮಲ್ಲಣ್ಣ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವನು ಕುರ್ಚಿ ಎಳೆದುಕೊಂಡು ಹತ್ತಿರ ಕೂತು, ದನಿಯಲ್ಲಿ ಬೆಲ್ಲ ಕರಗಿಸಿ ಹೇಳಿದ: "ನೋಡು ತಂಗಿ, ನಿನ್ನ ತಪ್ಪಿಲ್ಲ. ಕಾಲ ಬದಲಾಗ್ಯಾದ. ನೀ ಇನ್ನ ಫೋನ್ ನೋಡ್ಕೋ. ಆರಾಮ್ ಕೂಡು. ಪಗಾರ ಅಷ್ಟ ಇರ್ತದ, ಫಿಕರ್ ಮಾಡಬ್ಯಾಡ."

ಕಂಪ್ಯೂಟರಿನ ಕುರ್ಚಿಯಿಂದ ಫೋನಿನ ಸ್ಟೂಲಿಗೆ ನಾಲ್ಕು ಹೆಜ್ಜೆ. ಮುಬೀನಾ ನಡೆದು ಹೋಗಿ ಕೂತಳು. ಫೋನು ದಿನಕ್ಕೆ ಹದಿನೈದು ಸಲ ರಿಂಗಾಗುತ್ತಿತ್ತು. ಉಳಿದ ಹೊತ್ತು ಅವಳು ಮಲ್ಲಣ್ಣನ ಎರಡು ಬೆರಳಿನ ಟೈಪಿಂಗ್ ಕೇಳುತ್ತಿದ್ದಳು. ಟಕ್. ಬಹಳ ಹೊತ್ತಿನ ಮೇಲೆ ಇನ್ನೊಂದು ಟಕ್. ಮನೆಯಲ್ಲಿ ತಾಯಿ, "ಕ್ಯಾ ಹುವಾ ಮಾ?" ಎಂದು ಕೇಳಿದಾಗ ಏನೂ ಇಲ್ಲವೆಂದಳು. ಅಂದು ಊಟಕ್ಕೆ ಕೂತು ಎರಡು ತುತ್ತಿಗೇ ಕೈ ತೊಳೆದಳು. ಒಂದು ಹೊಸ ಯಂತ್ರ ತನಗೆ ಕಾಣದೆಂದು ಅವಳಿಗೆ ದುಃಖವಿರಲಿಲ್ಲ. ಹಳೆಯದೂ ಕಂಡಿರಲಿಲ್ಲವಲ್ಲ. ಯಾರೋ ತನ್ನನ್ನು ಮರೆತು ಅದನ್ನು ಮಾಡಿದ್ದರು. ಆಮೇಲೆ, ಪಾಪ ಅಂತ ತನಗೆ ಸ್ಟೂಲು ಹಾಕಿಕೊಟ್ಟಿದ್ದರು. ಆ "ಪಾಪ" ಅವಳಿಗೆ ಬೇಕಿರಲಿಲ್ಲ.

ಸ್ಟೂಲಿನ ಮೇಲೆ ಒಂಬತ್ತು ದಿನ ಕೂತಳು. ಹತ್ತನೆಯ ದಿನ, ಓದುವ ತಂತ್ರಾಂಶದ ಕೈಪಿಡಿಯನ್ನು ತನ್ನ ಮೊಬೈಲಿನಲ್ಲಿ ಕೇಳುತ್ತಿದ್ದಾಗ ಒಂದು ಸಾಲು ಕಿವಿಗೆ ಬಿತ್ತು. ಹೆಸರಿಲ್ಲದ ಗುಂಡಿಗೆ ಬಳಸುವವರೇ ಹೆಸರಿಟ್ಟುಕೊಳ್ಳಬಹುದು. ಒಮ್ಮೆ ಇಟ್ಟರೆ ಸಾಕು, ಆ ಗುಂಡಿಯ ಬಳಿ ಬಂದಾಗಲೆಲ್ಲ ದನಿ ಅದೇ ಹೆಸರು ಹೇಳುತ್ತದೆ.

ಮಲ್ಲಣ್ಣ ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗುತ್ತಿದ್ದ. ಊಟಕ್ಕೆ ಅರ್ಧ ಗಂಟೆ, ಊಟ ಇಳಿಯಲು ಒಂದು ಗಂಟೆ. ಆ ಒಂದೂವರೆ ಗಂಟೆಯಲ್ಲಿ ಮುಬೀನಾ ಮತ್ತೆ ಕಂಪ್ಯೂಟರಿನ ಮುಂದೆ ಕೂತಳು. ಮಲಕಮ್ಮ ಪಕ್ಕದಲ್ಲಿ.

"ಮೊದಲನೇದು ಏನ್ ಚಿತ್ರ ಅಕ್ಕಾ?"

ಮಲಕಮ್ಮ ಮೂಗು ತೆರೆಗೆ ತಾಗುವಷ್ಟು ಬಗ್ಗಿ ನೋಡಿದಳು. "ಮೂರು ಅಡ್ಡ ಗೆರಿ ಅದಾವ. ಇಭೂತಿ."

"ವಿಭೂತಿ? ಪಾರ್ಸೆಲ್ ಆಫೀಸಿನಾಗ?"

"ನನಗೇನ್ ಕೇಳ್ತಿ? ಇಭೂತಿನ ಅದ. ಯಾರೋ ದೈವಭಕ್ತರು ಮಾಡ್ಯಾರ."

ಒತ್ತಿ ನೋಡಿದರೆ ಒಂದು ಪಟ್ಟಿ ತೆರೆಯಿತು. ಮುಬೀನಾ ಆ ಗುಂಡಿಗೆ "ವಿಭೂತಿ" ಎಂದೇ ಹೆಸರಿಟ್ಟಳು. ಮುಂದಿನ ಚಿತ್ರ ಹುಗ್ಗಿ ತಿರುವುವ ಸವಟು. ಒತ್ತಿದರೆ ಪಾರ್ಸೆಲ್ ಹುಡುಕುವ ಜಾಗ. ಅದರ ಪಕ್ಕದಲ್ಲಿ ಹಲ್ಲು ಬಂದ ಕೋಡುಬಳೆ. ಒತ್ತಿದರೆ ಬಣ್ಣ, ಅಕ್ಷರದ ಗಾತ್ರ ಬದಲಿಸುವ ಕೋಣೆ. ಒಂದರ ಬಾಲ ಒಂದು ಕಚ್ಚುತ್ತಿದ್ದ ಎರಡು ಹಾವು ಒತ್ತಿದರೆ ಪಟ್ಟಿ ಹೊಸದಾಗುತ್ತಿತ್ತು. ಮುಚ್ಚಳ ಸರಿದ ಹಾಲಿನ ಕ್ಯಾನು ಒತ್ತಿದಾಗ ಒಂದು ಬುಕಿಂಗ್ ಅಳಿಸಿಹೋಗಿ, ಇಬ್ಬರೂ ಗಾಬರಿಯಿಂದ ಕೈ ಹಿಂದಕ್ಕೆ ಎಳೆದುಕೊಂಡು, ಆಮೇಲೆ ಅದನ್ನು ಮತ್ತೆ ತುಂಬಿದರು. ಎಲ್ಲಕ್ಕೂ ಮಲಕಮ್ಮ ಕಂಡ ಹೆಸರೇ ಬಿತ್ತು. ನೆನಪಿಡಲು ಅದಕ್ಕಿಂತ ಸುಲಭವಾದದ್ದು ಬೇಕೂ ಇರಲಿಲ್ಲ.

ಹದಿನಾಲ್ಕನೆಯ ಗುಂಡಿಯ ಹತ್ತಿರ ಇಬ್ಬರೂ ತಡೆದರು. ಚಿತ್ರದಲ್ಲಿ ಏನಿದೆಯೆಂದು ಮಲಕಮ್ಮನಿಗೂ ತಿಳಿಯಲಿಲ್ಲ. ಒತ್ತಿದರೆ "ದಯವಿಟ್ಟು ಕಾಯಿರಿ" ಎಂದು ಬಂತು. ಕಾದರು. ಏನೂ ಆಗಲಿಲ್ಲ. ಮತ್ತೆ ಒತ್ತಿದರು. ದಯವಿಟ್ಟು ಕಾಯಿರಿ. ಮತ್ತೆ ಕಾದರು.

"ಇದಕ್ಕೇನ್ ಹೆಸರಿಡೋಣ?" ಎಂದಳು ಮುಬೀನಾ.

ಮಲಕಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. "ಕೇಳಿದ್ರ 'ತಡಿ ತಡಿ' ಅಂತದ, ಕೆಲಸಾ ಮಾಡಂಗಿಲ್ಲ. ಇಂಥದ್ದು ನಮ್ಮ ಆಫೀಸಿನಾಗ ಇನ್ನೊಂದ್ ಅದ, ಈಗ ಊಟಕ್ಕ ಹೋಗ್ಯಾದ."

ಮುಬೀನಾ ನಗು ತಡೆದುಕೊಂಡು ಟೈಪು ಮಾಡಿದಳು: ಮಲ್ಲಣ್ಣ.

ನಕ್ಷೆಯ ಚುಕ್ಕೆಗಳಿಗೂ ಊರಿನ ಹೆಸರು ಹಾಕಿದ ಮೇಲೆ ಪರೀಕ್ಷೆ ಮಾಡಬೇಕಿತ್ತು. ಮಲಕಮ್ಮನ ಖಾಲಿ ಊಟದ ಡಬ್ಬಿಯನ್ನೇ ಸುರಪುರಕ್ಕೆ ಬುಕ್ ಮಾಡಿದರು. ಸಂಜೆಯ ಲಾರಿಗೆ ಡಬ್ಬಿ ಹೋಯಿತು. ಮರುದಿನ ಫೋನು ಬಂತು. ಸುರಪುರ ಶಾಖೆಯ ಗಯಾಸ.

"ಬಾಯೀರಾ, ಡಬ್ಬಿ ಬಂದಾದ, ಒಳಗ ಏನೂ ಇಲ್ಲ. ದಾರ್ಯಾಗ ಯಾರರ ಉಂಡಾರೇನ್ರಿ?"

"ಡಬ್ಬಿ ಸುರಪುರಕ್ಕ ಬಂದದಲ್ಲ? ಅಷ್ಟ ಸಾಕ್ರಿ!" ಮುಬೀನಾ ಕೂಗಿದ ಕೂಗಿಗೆ ಗಿರಾಕಿಯೊಬ್ಬ ತಿರುಗಿ ನೋಡಿದ.

ಗಯಾಸನಿಗೆ ವಿಷಯ ತಿಳಿದು ನಗು ಬಂತು. ನಕ್ಕು ಮುಗಿದ ಮೇಲೆ ಅವನು ತನ್ನ ಕಥೆ ಹೇಳಿದ. ಚಿಕ್ಕಂದಿನಲ್ಲಿ ಬಂದ ಪೋಲಿಯೊ ಅವನ ಬಲಗೈಯ ಶಕ್ತಿ ಕಿತ್ತುಕೊಂಡಿತ್ತು. ಎಡಗೈ ನಡುಗುತ್ತದೆ. ಕೀಲಿಮಣೆಯಲ್ಲಿ ಅವನು ನಿಧಾನವಾದರೂ ಸರಿಯಾಗಿ ಹೊಡೆಯಬಲ್ಲ. ಆದರೆ ಹೊಸ ಸಾಫ್ಟ್‌ವೇರಿನಲ್ಲಿ ಎಲ್ಲಕ್ಕೂ ಮೌಸು ಬೇಕು. "ಚುಕ್ಕಿ ಸಾಸಿವಿಕಾಳ್ನಷ್ಟ ಅದ್ರಿ. ನಾ ಅದರ ಮ್ಯಾಲ ಬಾಣ ನಿಂದರಸೂದ್ರಾಗ ಗಿರಾಕಿ ಮನೀಗೆ ಹೋಗಿ ಚಾ ಕುಡದು ಬರ್ತಾನ್ರಿ."

ಕೀಲಿಯಿಂದಲೇ ಹೇಗೆ ಓಡಾಡಬೇಕೆಂದು ಮುಬೀನಾ ಅವನಿಗೆ ಫೋನಿನಲ್ಲಿ ಕಲಿಸಿದಳು. ಎರಡೇ ದಿನಕ್ಕೆ ಅವನು ಚುರುಕಾದ. ಆದರೆ ಇಬ್ಬರೂ ಒಂದೇ ಗೋಡೆಗೆ ಹಣೆ ಬಡಿದುಕೊಂಡರು. ರಸೀದಿ ಮುದ್ರಿಸುವ ಚಿತ್ರ; ಶಹಾಪುರದಲ್ಲಿ ಅದೊಂದನ್ನು ಮೌಸಿನಿಂದ ಒತ್ತಿಕೊಡುತ್ತಿದ್ದವಳು ಮಲಕಮ್ಮ. ಟ್ಯಾಬ್ ಎಷ್ಟು ಒತ್ತಿದರೂ ಅದರ ಹತ್ತಿರ ನಿಲ್ಲದೆ ಹಾರಿಹೋಗುತ್ತಿತ್ತು. ಕೀಲಿಗೆ ದಾರಿಯೇ ಇಡದೆ ಕಟ್ಟಿದ್ದರು. ಇದಕ್ಕೆ ಹೆಸರಿಟ್ಟರೆ ಸಾಲದು, ಕಟ್ಟಿದವರನ್ನೇ ಹಿಡಿಯಬೇಕು.

ಕಟ್ಟಿದವಳು ಶಾಂಭವಿ. ಯಾದಗಿರಿಯಲ್ಲಿ ಸ್ಟೇಷನ್ ರಸ್ತೆಯ ಮಹಡಿಯ ಮೇಲೆ ಎರಡು ಕೋಣೆಯ ಕಚೇರಿ. ರಜೆಯ ದಿನ ನೋಡಿಕೊಂಡು ಮುಬೀನಾ ಮತ್ತು ಮಲಕಮ್ಮ ಬಸ್ ಹತ್ತಿದರು. ಬಸ್ಸಿನಲ್ಲಿ ಮಲಕಮ್ಮ ತಾನು ಏನೇನು ಬೈಯಬೇಕೆಂದು ದಾರಿಯುದ್ದಕ್ಕೂ ತಾಲೀಮು ನಡೆಸಿದಳು. ಭೀಮಾ ಸೇತುವೆ ದಾಟುವಾಗ ಕಂಡಕ್ಟರು, "ಯಾರ ಜೋಡಿ ಜಗಳಕ್ಕ ಹೊಂಟೀರಿ ಅಮ್ಮಾರ?" ಎಂದು ಕೇಳಿದ.

ಶಾಂಭವಿ ಮೂವತ್ತರ ಹರೆಯದವಳು, ಕಿವಿಯ ಹಿಂದೆ ಪೆನ್ನು ಸಿಕ್ಕಿಸಿಕೊಂಡು ಮೂರು ಕೆಲಸ ಒಟ್ಟಿಗೆ ಮಾಡುವ ಜಾತಿ. ದೂರು ಕೇಳಿ ಅವಳಿಗೆ ಸ್ವಲ್ಪ ಸಿಟ್ಟೇ ಬಂತು.

"ಓದಾಕ ಬರದೋರಿಗೂ ತಿಳೀಲಿ ಅಂತ ಚಿತ್ರ ಹಾಕೀನ್ರಿ. ನೋಡಿದ್ರ ಗೊತ್ತಾಗ್ತದಲ್ಲ?"

"ನನಗ ಗೊತ್ತಾಗಂಗಿಲ್ರಿ, ಅದು ಬಿಡ್ರಿ," ಎಂದಳು ಮುಬೀನಾ. "ಓದಾಕ ಬರದೋರು ಇಲ್ಲೇ ಅದಾರ. ಮಲಕಮ್ಮಕ್ಕನ್ನ ಕೇಳ್ರಿ."

ಶಾಂಭವಿ ತೆರೆಯನ್ನು ಮಲಕಮ್ಮನ ಕಡೆ ತಿರುಗಿಸಿ ಮೊದಲ ಚಿತ್ರದ ಮೇಲೆ ಬೆರಳಿಟ್ಟಳು. "ಇದೇನ್ರಿ?"

"ಇಭೂತಿ."

ಬೆರಳು ಮುಂದಕ್ಕೆ ಸರಿಯಿತು. "ಇದು?"

"ಸವಟು."

"ಇದು?"

"ಹಾಲಿನ ಕ್ಯಾನು. ಅದನ್ನ ಒತ್ತಬ್ಯಾಡ್ರಿ, ಬುಕಿಂಗ್ ಕುಡಿದುಬಿಡ್ತದ."

ಶಾಂಭವಿ ಕಿವಿಯ ಹಿಂದಿನ ಪೆನ್ನು ಕೆಳಗೆ ಬೀಳುವಷ್ಟು ನಕ್ಕಳು. ಆ ಕಸದ ಡಬ್ಬಿಯ ಚಿತ್ರಕ್ಕೆ ಅವಳು ಒಂದು ಮಧ್ಯಾಹ್ನ ಕಳೆದಿದ್ದಳಂತೆ. ನಗು ನಿಂತ ಮೇಲೆ ಅವಳೇ ಕುರ್ಚಿ ಬಿಟ್ಟು ಎದ್ದು ಮುಬೀನಾಳನ್ನು ಅಲ್ಲಿ ಕೂರಿಸಿದಳು. ಓದುವ ದನಿಯನ್ನು ಹಾಕಿ, ನಿಧಾನಕ್ಕೆ ಇಳಿಸಿ, ತನ್ನದೇ ಸಾಫ್ಟ್‌ವೇರ್ ತನಗೆ ಏನು ಹೇಳುತ್ತದೆಂದು ನಿಂತು ಕೇಳಿದಳು. ಗುಂಡಿ. ಗುಂಡಿ. ಚಿತ್ರ. ಗುಂಡಿ. ಒಂದು ನಿಮಿಷ ಕೇಳಿ, "ಬಂದ್ ಮಾಡ್ರಿ, ನನಗ ನಾಚಿಕಿ ಆಗಾಕತ್ತದ," ಎಂದಳು.

ಸಂಜೆಯವರೆಗೆ ಮೂವರೂ ಏಳಲಿಲ್ಲ. ಪ್ರತಿ ಚಿತ್ರಕ್ಕೂ ಕೆಳಗೆ ಕಾಣುವಂತೆ ಕನ್ನಡದಲ್ಲಿ ಹೆಸರು, ಅದೇ ಹೆಸರು ಓದುವ ದನಿಗೂ ಕೇಳಬೇಕು. ಎಲ್ಲ ಗುಂಡಿಗೂ ಕೀಲಿಯಿಂದ ದಾರಿ ಬೇಕು, ರಸೀದಿಗೆ ಮೊದಲು. ನಕ್ಷೆಯ ಜೊತೆಗೆ ಊರುಗಳ ಪಟ್ಟಿ ಇರಬೇಕು. ಗಯಾಸನಿಗೆ ಫೋನು ಹಚ್ಚಿ ಕೇಳಿದಾಗ, "ಚುಕ್ಕಿ ಕಡ್ಲಿಕಾಳ್ನಷ್ಟರ ಮಾಡ್ರಿ" ಎಂದ. ಹೊರಡುವಾಗ ಶಾಂಭವಿ ಹೇಳಿದಳು: "ನೀವು ಇಟ್ಟ ಹೆಸರಿನ ಫೈಲ್ ಕಳಸ್ರಿ. ಯಾವ ಗುಂಡಿ ಯಾವುದು ಅಂತ ನನಗ ಅನುಕೂಲ ಆಗ್ತದ. ಹೆಸರು ಆಮ್ಯಾಲ ಬದಲಿ ಮಾಡ್ತೀನಿ."

ಮುಬೀನಾ ಫೈಲು ಕಳಿಸಿದಳು. ಹದಿನಾಲ್ಕನೆಯ ಗುಂಡಿಯ ನೆನಪು ಅವಳಿಗೆ ಬರಲಿಲ್ಲ.

ಶಾಂಭವಿ ನಾಲ್ಕು ದಿನ ಕೂತು ಎಲ್ಲವನ್ನೂ ಸರಿಪಡಿಸಿದಳು. ಹೆಸರು ಬದಲಿಸುವುದೊಂದನ್ನು ಕೊನೆಗೆ ಇಟ್ಟುಕೊಂಡಳು. ಕೊನೆಯ ಕೆಲಸಗಳಿಗೆ ಆಗುವ ಗತಿಯೇ ಅದಕ್ಕೂ ಆಯಿತು. ಸೋಮವಾರ ಬೆಳಿಗ್ಗೆ ಹೊಸ ಆವೃತ್ತಿ ಎಲ್ಲ ಶಾಖೆಗಳಿಗೂ ಹೋಯಿತು. ಜಿಲ್ಲೆಯ ಉದ್ದಗಲಕ್ಕೂ ಪಾರ್ಸೆಲ್ ಕಚೇರಿಯ ತೆರೆಗಳ ಮೇಲೆ ದಪ್ಪ ಅಕ್ಷರದಲ್ಲಿ ವಿಭೂತಿ, ಸವಟು, ಕೋಡುಬಳೆ, ಹಾವು, ಹಾಲಿನ ಕ್ಯಾನು ಎಂದು ಮೂಡಿದವು. ಕೆಳಗಿನ ಸಾಲಿನ ತುದಿಯಲ್ಲಿ, ಮಲ್ಲಣ್ಣ.

ಮೊದಲ ಫೋನು ವಡಗೇರಾದಿಂದ. ಎತ್ತಿದವಳು ಮುಬೀನಾ.

"ಅಲ್ರೀ, ಮುಂಜಾನಿಂದ ಮಲ್ಲಣ್ಣನ ಒತ್ತಾಕತ್ತೀವಿ, ಏನೂ ಆಗವಲ್ದಲ್ರಿ?"

ಮುಬೀನಾಗೆ ಆಗ ಹದಿನಾಲ್ಕನೆಯ ಗುಂಡಿ ನೆನಪಾಯಿತು. ಎರಡನೆಯ ಫೋನನ್ನು ಮಲ್ಲಣ್ಣನೇ ಎತ್ತಿದ. ಯಾದಗಿರಿ ಶಾಖೆಯ ಮ್ಯಾನೇಜರು ಅಭಿನಂದನೆ ಹೇಳಲು ಮಾಡಿದ್ದ. ಕಂಪನಿ ಗುಂಡಿಗೇ ಹೆಸರಿಡುವಷ್ಟು ಮಲ್ಲಣ್ಣ ದೊಡ್ಡ ಮನುಷ್ಯನಾಗಿದ್ದು ತನಗೆ ಗೊತ್ತೇ ಇರಲಿಲ್ಲ ಎಂದ. ಮಲ್ಲಣ್ಣ ಹೋಗಿ ತೆರೆ ನೋಡಿದ. ಒತ್ತಿದ. ದಯವಿಟ್ಟು ಕಾಯಿರಿ. ಕಾದ. ತಿರುಗಿ ಸ್ಟೂಲಿನ ಹತ್ತಿರ ಬಂದು ನಿಂತ. ಅವನ ಉಸಿರು ಕೇಳಿಯೇ ಮುಬೀನಾಗೆ ಗೊತ್ತಾಯಿತು. ಮಲಕಮ್ಮ ಆಗಲೇ ಯಾವುದೋ ಮೂಟೆ ಹೊಲಿಯಲು ಗೋದಾಮಿನೊಳಗೆ ಓಡಿದ್ದಳು.

"ನನ್ನ ಹೆಸರು ಯಾರಿಟ್ರು?"

"ನಾನ್ರಿ." ಸುಳ್ಳು ಹೇಳಲು ಅವಳಿಗೆ ಬರಲಿಲ್ಲ. "ಅದನ್ನ ಒತ್ತಿದ್ರ ಕಾಯಿರಿ ಅಂತದ್ರಿ, ಏನೂ ಆಗಂಗಿಲ್ರಿ. ಅದಕ್ಕ."

ರಿಂಗಾದ ಫೋನನ್ನು ಮಲ್ಲಣ್ಣ ಎತ್ತಿ ಹಾಗೇ ಕೆಳಗಿಟ್ಟ.

"ನಾ ನಿನಗೇನ್ ಅನ್ಯಾಯ ಮಾಡೀನವಾ? ಆರಾಮ್ ಕೂಡಸೀನಿ. ಪಗಾರ ಕಡಿಮಿ ಮಾಡಿಲ್ಲ."

"ಆರಾಮ್ ಕೂಡಸಿದ್ರಲ್ರಿ, ಅದ ಅನ್ಯಾಯ." ಮಾತು ತಾನಾಗಿ ಹೊರಬಂತು. "ಏಳು ವರ್ಷ ಈ ಆಫೀಸಿನ ಕೆಲಸ ಓಡಸೀನಿ. ಮಷಿನ್ ಬದಲಾದ್ರ ಮಷಿನ್ ಸರಿ ಮಾಡಸ್ಬೇಕ್ರಿ. ನೀವು ನನ್ನ ಎತ್ತಿ ಮೂಲ್ಯಾಗಿಟ್ರಿ. ಒಂದ್ ಸಲಾರ ಕೇಳಿದ್ರೇನು, ಮುಬೀನಾ, ನಿನಗ ಏನ್ ಬೇಕು ಅಂತ?"

ಮಲ್ಲಣ್ಣ ಮೊಬೈಲು ತೆಗೆದುಕೊಂಡು ಹೊರಗೆ ಹೋದ. ಅವನು ಹೊರಗೆ ಶಾಂಭವಿಗೆ ಫೋನು ಮಾಡಿ ಕೂಗಾಡುತ್ತಿರುವುದು, ಆಮೇಲೆ ಕೂಗಾಟ ಇಳಿಯುವುದು, ಆಮೇಲೆ "ಹೌದಾ? ಖರೇನಾ?" ಎನ್ನುವುದು ಮುಬೀನಾಗೆ ಕೇಳಿಸಿತು. ಒಳಗೆ ಬಂದವನ ದನಿಯೇ ಬೇರೆ.

"ಆ ಗುಂಡಿ ಏನ್ ಮಾಡ್ತದ ಗೊತ್ತದೇನು ನಿಮಗ? ಎಲ್ಲಾ ಶಾಖಾದ ಮಾಹಿತಿ ಒಂದಕ್ಕೊಂದು ಹೊಂದಸ್ತದಂತ. ಗದ್ದಲ ಮಾಡಂಗಿಲ್ಲ, ತೋರಸ್ಕೊಳ್ಳಂಗಿಲ್ಲ. ಅದಿಲ್ಲಂದ್ರ ಇಡೀ ಕಂಪನಿ ನಿಲ್ತದಂತ!"

ಗೋದಾಮಿನ ಬಾಗಿಲಿನಿಂದ ಮಲಕಮ್ಮ ಮುಖ ಹೊರಗೆ ಹಾಕಿದಳು. "ನಾ ಮೊದಲಿಂದಾನ ಅಂದೀನಿ. ಬರೋಬರಿ ಹೆಸರಿಟ್ಟಾಳ."

ಮಲ್ಲಣ್ಣ ನಗದಿರಲು ಪ್ರಯತ್ನಪಟ್ಟು ಸೋತ. ಆಮೇಲೆ ಕಂಪ್ಯೂಟರಿನ ಮುಂದಿನ ಕುರ್ಚಿಯ ಮೇಲಿದ್ದ ತನ್ನ ಟವೆಲು ತೆಗೆದುಕೊಂಡು ಸ್ಟೂಲಿನ ಮೇಲೆ ಹಾಕಿದ. "ಏಳವಾ. ನಾ ಫೋನ್ ನೋಡ್ತೀನಿ. ಇವತ್ತು ಎಲ್ಲಾರೂ ನನಗ ಮಾಡಾಕತ್ತಾರ."

ಎರಡು ದಿನದಲ್ಲಿ ಶಾಂಭವಿ ಹೆಸರುಗಳನ್ನು ಬದಲಿಸಿದಳು. ಮುಖ್ಯ ಪಟ್ಟಿ, ಹುಡುಕು, ಅಳಿಸು, ಹೊಂದಿಸು. ಆಗ ಬೇರೆ ತಕರಾರು ಶುರುವಾಯಿತು. ಅಷ್ಟರಲ್ಲಿ ರೂಢಿಯಾಗಿದ್ದ ಹತ್ತಿಕುಣಿಯವರು ಸವಟು ಎಲ್ಲಿ ಹೋಯಿತೆಂದು ಕೇಳಿದರು. ಶಾಂಭವಿ ಯಾರ ಮಾತಿಗೂ ಮಣಿಯಲಿಲ್ಲ. ಆದರೆ ಅಂದಿನಿಂದ ಒಂದು ನಿಯಮ ಮಾಡಿಕೊಂಡಳು. ಹೊಸದು ಏನೇ ಕಟ್ಟಿದರೂ ಅದು ಮೊದಲು ಮುಬೀನಾಳ ಹತ್ತಿರ ಬರಬೇಕು. ತಿಂಗಳಿಗೆ ಎರಡು ದಿನ ಅವಳು ಯಾದಗಿರಿಗೆ ಹೋಗಿ, ಕೀಲಿಮಣೆಯ ಮೇಲೆ ಬೆರಳಾಡಿಸಿ, ಯಂತ್ರಕ್ಕೆ ಕಿವಿಗೊಟ್ಟು, ಎಲ್ಲಿ ಎಡವುತ್ತದೆ ಎಂದು ಹೇಳತೊಡಗಿದಳು. ಗಯಾಸ ಸುರಪುರದಿಂದಲೇ ತನ್ನ ಎಡಗೈಯಲ್ಲಿ ಪರೀಕ್ಷಿಸಿ ಹೇಳುತ್ತಿದ್ದ.

ತೀರ್ಪು ಕೊಡುವ ಕೆಲಸ ಮುಬೀನಾಗೆ ಸ್ವಲ್ಪ ತಲೆಗೇರಿತು ಎನ್ನಬೇಕು. ತಪ್ಪು ತುಂಬಿದರೆ ಒಂದು ಸದ್ದು ಬರಲಿ ಎಂದಳು. ಪಿನ್ ಕೋಡ್ ಬಿಟ್ಟರೆ ಟೊಂಯ್. ತೂಕ ಬಿಟ್ಟರೆ ಟಿಂಯ್. ಲಾರಿ ಹೊರಟರೆ ಪೋಂ ಪೋಂ. ಶಾಂಭವಿ ಎಲ್ಲವನ್ನೂ ಹಾಕಿಕೊಟ್ಟಳು. ಶಹಾಪುರ ಕಚೇರಿ ಆಟಿಕೆ ಅಂಗಡಿಯ ಹಾಗೆ ಕೇಳತೊಡಗಿತು. ಮುಬೀನಾಗೆ ಸಂತೋಷವೋ ಸಂತೋಷ.

ಹದಿನೈದು ದಿನಕ್ಕೆ ಯಾದಗಿರಿ ಶಾಖೆಯಲ್ಲಿ ಹೊಸದಾಗಿ ಸೇರಿದ್ದ ಚಂದ್ರಕಲಾಳ ಬುಕಿಂಗ್‌ಗಳು ಅರ್ಧಕ್ಕರ್ಧ ಕೆಟ್ಟು ನಿಂತಿವೆ ಎಂದು ಶಾಂಭವಿ ಫೋನು ಮಾಡಿದಳು. ಪಿನ್ ಕೋಡ್ ಇಲ್ಲ, ತೂಕ ಇಲ್ಲ.

"ಪಿನ್ ಕೋಡ್ ಬಿಟ್ರ ಟೊಂಯ್ ಅಂತದಲ್ರಿ?" ಎಂದಳು ಮುಬೀನಾ, ಸ್ವಲ್ಪ ಗತ್ತಿನಿಂದ. "ಸದ್ದು ಕೇಳಿದ್ರ ಗೊತ್ತಾಗ್ತದಲ್ಲ?"

ಫೋನಿನ ಆ ತುದಿಯಲ್ಲಿ ಶಾಂಭವಿ ದನಿ ತಗ್ಗಿಸಿದಳು. "ಚಂದ್ರಕಲಾಗ ಕಿವಿ ಕೇಳಂಗಿಲ್ಲ, ಮುಬೀನಾ."

ಮುಬೀನಾ ನಾಲಿಗೆ ಕಚ್ಚಿಕೊಂಡಳು. ತಾನು ಈಗತಾನೆ ಆಡಿದ ಮಾತು ಯಾರದೆಂದು ಅವಳಿಗೆ ಹೊಳೆಯಲು ತಡವಾಗಲಿಲ್ಲ. ಆಮೇಲೆ ಅವಳಿಗೆ ಎಂಥ ನಗು ಹತ್ತಿತೆಂದರೆ ಮಲ್ಲಣ್ಣ ಫೋನಿನ ಬಳಿಯಿಂದ ಎದ್ದು ನೀರು ತಂದುಕೊಟ್ಟ. ಮರುದಿನವೇ ಅವಳು ಯಾದಗಿರಿಗೆ ಹೊರಟಳು. ಕ್ಷಮೆ ಕೇಳಬೇಕಿತ್ತು, ಸದ್ದಿನ ಜೊತೆಗೆ ಕಣ್ಣಿಗೂ ಕಾಣುವ ಸೂಚನೆ ಹಾಕಿಸಬೇಕಿತ್ತು.

ಅಲ್ಲಿ ಹೋದ ಮೇಲೆ ಒಂದು ತೊಡಕು. ಚಂದ್ರಕಲಾ ಕೈಸನ್ನೆಯಲ್ಲಿ ಮಾತಾಡುವವಳು, ಅದು ಮುಬೀನಾಗೆ ಕಾಣದು. ಮುಬೀನಾ ಬಾಯಲ್ಲಿ ಮಾತಾಡುವವಳು, ಅದು ಚಂದ್ರಕಲಾಗೆ ಕೇಳದು. ಇಬ್ಬರೂ ಎದುರುಬದುರು ಕೂತು ಒಂದು ನಿಮಿಷ ಸುಮ್ಮನೆ ನಕ್ಕರು. ಆಮೇಲೆ ಚಂದ್ರಕಲಾ ಕೀಲಿಮಣೆ ಎಳೆದುಕೊಂಡು, ಒಂದು ಖಾಲಿ ಬುಕಿಂಗ್ ತೆರೆದು, ಅದರ ಷರಾ ಖಾನೆಯಲ್ಲಿ ಏನೋ ಟೈಪು ಮಾಡಿ, ಮುಬೀನಾಳ ಬೆರಳು ಹಿಡಿದು ಕೀಲಿಯ ಮೇಲೆ ತಂದಿಟ್ಟಳು. ಮುಬೀನಾ ಆ ಕಂಪ್ಯೂಟರಿಗೂ ಹಾಕಿಕೊಂಡಿದ್ದ ಓದುವ ದನಿ ಸಿಡಿಯಿತು: "ಷರಾ. ನೀವೇನಾ ಮಲ್ಲಣ್ಣನ ಗುಂಡಿ ಇಟ್ಟವರು?"

"ಹೌದು. ತಪ್ಪಾಯಿತು. ಟೊಂಯ್ ಇಟ್ಟವಳೂ ನಾನೇ" ಎಂದು ಮುಬೀನಾ ಬರೆದಳು.

ಅವತ್ತು ಕೆಲಸ ಒಂದು ಗಂಟೆಯದು, ಷರಾ ಮೂರು ಗಂಟೆಯದು. ಈಗಲೂ ದಿನಕ್ಕೊಂದು ಪಾರ್ಸೆಲ್ ಇಬ್ಬರ ನಡುವೆ ಓಡಾಡುತ್ತದೆ. ತೂಕ ಸೊನ್ನೆ, ವಸ್ತು ಏನೂ ಇಲ್ಲ. ಷರಾ ಮಾತ್ರ ಉದ್ದ. ಒಳಗೆ ಏನಿದೆ ಎಂದು ಇಣುಕಲು ಮಲ್ಲಣ್ಣನಿಗೆ ಆಸೆ. ನಿನ್ನೆ ಅವನು ಕೇಳಿಯೇ ಬಿಟ್ಟ.

"ಏನ್ ಬರೀತೀರವಾ ಇಬ್ರೂ ಅಷ್ಟು?"

"ಆಫೀಸಿನ ಕೆಲಸಾರಿ," ಎಂದು ಮುಬೀನಾ ಟೈಪು ಮಾಡುತ್ತಲೇ ಇದ್ದಳು. ಚಂದ್ರಕಲಾಳ ತಂಗಿಯ ಮದುವೆಗೆ ಯಾವ ಬಣ್ಣದ ಸೀರೆ ಉಟ್ಟುಕೊಂಡು ಬರಲಿ ಎಂದು ಅವಳು ಕೇಳಿದ್ದಳು. ಉತ್ತರ ಬಂದಿತ್ತು: ನೀವು ಯಾವುದಾದರೂ ಉಡಿ, ನಾನು ನೋಡಿಕೊಳ್ಳುತ್ತೇನೆ. ಬ್ಯಾಂಡು ಹೇಗಿದೆ ಅಂತ ನೀವು ನನಗೆ ಹೇಳಬೇಕು.